ಜಾಮ್ ರಸಾಯನಶಾಸ್ತ್ರ ತಯಾರಿ: 6ರಿಂದ 9ನೇ ವಾರ, ತಪ್ಪು ಉತ್ತರಗಳ ಪಟ್ಟಿ

ವಾರ 6: ಭೌತ ರಸಾಯನ ಶುರು. ಕೈಯಲ್ಲಿನ ಕ್ಯಾಲ್ಕುಲೇಟರ್ ಇನ್ನು ಬಂದ್. ಎಂ.ಎಸ್ಸಿ ಪ್ರವೇಶ ಪರೀಕ್ಷೆಯಾದ ಐಐಟಿ ಜಾಮ್‌ನಲ್ಲಿ ಪರದೆ ಮೇಲಿನದೇ ಗತಿ, ಗುಂಡಿಗಳನ್ನು ಮೌಸ್‌ನಲ್ಲೇ ಒತ್ತಬೇಕು.

ಸಂಖ್ಯೆ ತುಂಬುವ 20 ಪ್ರಶ್ನೆಗಳಿಗೆ ಆಯ್ಕೆಗಳಿರುವುದಿಲ್ಲ. ಹಾಗಾಗಿ ಉತ್ತರ ತಪ್ಪಿದ್ದರೂ ಎಚ್ಚರಿಸುವವರಿಲ್ಲ. ತಪ್ಪಿದ ಲೆಕ್ಕದ ಪಕ್ಕ 'ಸಿಲ್ಲಿ ಮಿಸ್ಟೇಕ್' ಎಂದು ಗೀಚುವ ಬದಲು ಬಂದ ತಪ್ಪು ಸಂಖ್ಯೆಯನ್ನೇ ಬರೆದಿಡಿ. 300ರಿಂದ 310 ಕೆಲ್ವಿನ್‌ಗೆ ಕ್ರಿಯೆಯ ವೇಗ ದುಪ್ಪಟ್ಟಾದರೆ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲ್‌ಗೆ 53.6 ಕಿಲೋಜೌಲ್. 23.3 ಬಂತೇ? ಎಲ್ಎನ್ (ಸಹಜ ಲಾಗರಿದಮ್) ಬದಲು ಲಾಗ್ (ಹತ್ತರ ಆಧಾರದ್ದು) ಗುಂಡಿ ಒತ್ತಿದ್ದೀರಿ. ಅರ್ಧ ಕಿಲೋಜೌಲ್‌ನ ಆಸುಪಾಸೇ? ತಾಪವನ್ನು ಸೆಲ್ಸಿಯಸ್‌ನಲ್ಲೇ, 27 ಮತ್ತು 37 ಎಂದು ಹಾಕಿದ್ದೀರಿ. ಲೀಟರ್-ಅಟ್ಮಾಸ್ಫಿಯರ್‌ನಲ್ಲಿ ಬಂದ ಕೆಲಸವನ್ನು 101.3ರಿಂದ ಗುಣಿಸದೆ ಜೌಲ್ ಎಂದು ಬರೆಯುವುದೂ ಇದೇ ಜಾತಿಯದು.

ವಾರ 7: ಅಜೈವಿಕ. ಜೋಡಿಯಾಗದ ಡಿ-ಎಲೆಕ್ಟ್ರಾನ್‌ಗಳ ಎಣಿಕೆ ಸರಿಯಿದ್ದರೆ ಕಾಂತೀಯ ಭ್ರಾಮಕ ತಾನಾಗಿ ಬರುತ್ತದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.

ವಾರ 8: ಸಾವಯವ, ಇ2: ಹೈಡ್ರೋಜನ್ ಮತ್ತು ಕ್ಲೋರಿನ್ ಒಂದೇ ಹಂತದಲ್ಲಿ ಕಳಚಿ ಜೋಡಿಬಂಧ ಮೂಡುವ ಕ್ರಿಯೆ. ಉಂಗುರದಲ್ಲಿ ಇವೆರಡೂ ಅಕ್ಷೀಯವಾಗಿ (ಉಂಗುರಕ್ಕೆ ನೆಟ್ಟಗೆ), ಪರಸ್ಪರ ವಿರುದ್ಧ ದಿಕ್ಕಿಗೆ ನಿಂತಿರಬೇಕು. ಕಾಗದದ ಮೇಲೆ ಚಪ್ಪಟೆ ಷಟ್ಕೋನ ಬರೆದರೆ ಮೆಂಥೈಲ್ ಕ್ಲೋರೈಡ್ ಮೋಸ ಮಾಡುತ್ತದೆ. ಕುರ್ಚಿ ರೂಪವನ್ನೇ ಬರೆಯಬೇಕು. ಕ್ಲೋರಿನ್ ಅಕ್ಷೀಯವಾಗಲು ಉಂಗುರದ ಮೂರೂ ಗುಂಪುಗಳು (ಕ್ಲೋರಿನ್, ಮಿಥೈಲ್, ಐಸೊಪ್ರೊಪೈಲ್) ಅಕ್ಷೀಯವಾಗಬೇಕು, ಅದಕ್ಕೇ ನಿಧಾನ. ಆಗ ಎದುರಾಗಿ ನಿಲ್ಲುವ ಹೈಡ್ರೋಜನ್ ಒಂದೇ, ಆದ್ದರಿಂದ ಸಿಗುವುದು 2-ಮೆಂಥೀನ್, ಹೆಚ್ಚು ಗುಂಪುಗಳಿರುವ ಜೋಡಿಬಂಧವೇ ಮುಖ್ಯ ಎನ್ನುವ ಝೈಟ್ಸೆಫ್ ನಿಯಮ ಏನೇ ಹೇಳಲಿ. ಕ್ಲೋರಿನ್‌ನ ದಿಕ್ಕಷ್ಟೇ ಬೇರೆಯಾದ ನಿಯೋಮೆಂಥೈಲ್ ಕ್ಲೋರೈಡ್‌ನಲ್ಲಿ ಕ್ಲೋರಿನ್ ಮೊದಲೇ ಅಕ್ಷೀಯ: ವೇಗವೂ ಹೆಚ್ಚು, ಮುಖ್ಯ ಉತ್ಪನ್ನ 3-ಮೆಂಥೀನ್.

ವಾರ 9: 3 ಗಂಟೆಯ ಪೂರ್ಣ ಪತ್ರಿಕೆ, 60 ಪ್ರಶ್ನೆ, 100 ಅಂಕ. ಮೊದಲು ಸಂಖ್ಯಾ ಪ್ರಶ್ನೆ: 30 ಅಂಕ, ಕಡಿತವಿಲ್ಲ. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ 10 ಪ್ರಶ್ನೆಗಳಲ್ಲೂ ಕಡಿತವಿಲ್ಲ, ಆದರೆ ಒಂದು ಆಯ್ಕೆ ಬಿಟ್ಟರೂ ಸೊನ್ನೆ. ಉಳಿದ 30ರಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿ, ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಪಾಲು ಕಡಿತ. ಕಣ್ಣುಮುಚ್ಚಿ ಊಹಿಸಿದರೆ ಸರಾಸರಿ ಗಳಿಕೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಎರಡಂಕದ ಪ್ರಶ್ನೆಗೆ 2/9 ಅಂಕ ಲಾಭ. ಊಹೆ ಅಲ್ಲಿಂದಾಚೆಗೆ ಮಾತ್ರ.

ಬಾಕಿ: ಘನಸ್ಥಿತಿ. ಸ್ಫಟಿಕದ ಏಕಕೋಶದ ಪಿಕೋಮೀಟರ್ ಅಂಚನ್ನು ಘನ ಮಾಡಿ ಘನ ಸೆಂಟಿಮೀಟರ್‌ಗೆ ತರುವಾಗ 10⁻³⁰ ಮರೆತ ಸಾಂದ್ರತೆಗಳು ಪಟ್ಟಿಯಲ್ಲಿ ಆಗಲೇ ಎರಡು ಕೂತಿವೆ.