ಅವರ ಕಣ್ಣೀರು ನಿಜವೋ ನಾಟಕವೋ?

"ಮೇಡಂ, ಅವರು ನಿಜವಾಗಿ ನೊಂದಿದ್ದಾರೋ, ನಾಟಕ ಆಡ್ತಿದ್ದಾರೋ, ಗೊತ್ತು ಮಾಡೋದು ಹೇಗೆ?" ಆಪ್ತಸಮಾಲೋಚನೆಗೆ ಬರುವವರು ಅತ್ತೆಯ ಬಗ್ಗೆ, ಗಂಡನ ಬಗ್ಗೆ, ಒಡಹುಟ್ಟಿದವರ ಬಗ್ಗೆ ಕೇಳುವ ಪ್ರಶ್ನೆ ಇದು. ಗೊತ್ತು ಮಾಡಲು ಆಗುವುದಿಲ್ಲ ಎನ್ನುವುದೇ ನನ್ನ ಉತ್ತರ. ಅದರ ಅಗತ್ಯವೂ ಇಲ್ಲ. ನೂರಕ್ಕೆ ನೂರು ನಿಜವಾದ ನೋವಿನಿಂದಲೂ ಇನ್ನೊಬ್ಬರ ಬಾಯಿ ಮುಚ್ಚಿಸಬಹುದು.

ಒಂದು ಮಾಮೂಲಿ ಜಗಳ ತೆಗೆದುಕೊಳ್ಳಿ. ಅಪ್ಪ ಕಟ್ಟಿಸಿದ ಮನೆ, ಮೇಲಿನ ಮಹಡಿ ಬಾಡಿಗೆಗಿದೆ, ಬಾಡಿಗೆ ಅಣ್ಣನ ಖಾತೆಗೆ ಬೀಳುತ್ತದೆ. ತಮ್ಮ ಒಂದು ದಿನ "ಅಣ್ಣಾ, ಬಾಡಿಗೆ ಲೆಕ್ಕ ಒಂದ್ಸಲ ನೋಡೋಣ್ವಾ?" ಎನ್ನುತ್ತಾನೆ. "ಅಪ್ಪ ಹೋದ ಮೇಲೆ ಓದು ಬಿಟ್ಟು ಅಂಗಡೀಲಿ ಕೂತವನು ನಾನು. ನಿನ್ನ ಫೀಸು ಕಟ್ಟಿದವನು ನಾನು. ಇವತ್ತು ನನ್ನ ಹತ್ರಾನೇ ಲೆಕ್ಕ ಕೇಳ್ತೀಯಾ? ಆಯ್ತಪ್ಪ, ನಾನೇ ಕಳ್ಳ."

ಕಳ್ಳ ಅಂತ ಯಾರೂ ಅಂದಿರಲಿಲ್ಲ. ಆದರೆ ಈಗ "ಅಯ್ಯೋ, ಹಾಗಂದಿಲ್ಲಣ್ಣ" ಎನ್ನಬೇಕಾದ ಪಾಡು ತಮ್ಮನದು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬರುತ್ತಾರೆ. ಅಮ್ಮ "ಅವನ ಹೊಟ್ಟೆ ಉರಿಸ್ಬೇಡ ಕಣೋ" ಎನ್ನುತ್ತಾರೆ. ತಮ್ಮ ಕ್ಷಮೆ ಕೇಳಿ, ಊಟ ಮಾಡಿ ಹೊರಡುತ್ತಾನೆ. ಅಣ್ಣ ತನ್ನ ಕಷ್ಟದ ಬಗ್ಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಲೆಕ್ಕವನ್ನಂತೂ ಯಾರೂ ನೋಡಲಿಲ್ಲ.

ಹಾಗಾಗಿ ನಾನು ಕಣ್ಣೀರಿನ ತಂಟೆಗೆ ಹೋಗುವುದಿಲ್ಲ. ಮಾತು ಮುಗಿಯುವ ಹೊತ್ತಿಗೆ, ಮೊದಲು ಎತ್ತಿದ ವಿಷಯ ಎಲ್ಲಿ ಹೋಯಿತು ಎಂದು ಕೇಳುತ್ತೇನೆ. ಒಮ್ಮೆ ಹಾಗಾದರೆ ಜಗಳ. ಪ್ರತಿಸಲವೂ ವಿಷಯ ಕಾಣೆಯಾಗಿ, ಕೇಳಿದವರೇ ಕ್ಷಮೆ ಕೇಳುತ್ತಿದ್ದರೆ ಅದು ರೂಢಿ.

ಅಣ್ಣ ಹೊಂಚು ಹಾಕಿ ಹೀಗೆ ಮಾಡುತ್ತಾನೆ ಅಂತಲೂ ಅಲ್ಲ. ಅಮೆರಿಕದ ಸಂಶೋಧಕಿ ಎಮಿಲಿ ಜಿಟೆಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವರಿಗೆ ತಮಗಾದ ಅನ್ಯಾಯವನ್ನು, ಉಳಿದವರಿಗೆ ಬೇಜಾರು ಹಿಡಿಸಿದ ಸಂದರ್ಭವನ್ನು ನೆನಪಿಸಿಕೊಳ್ಳಲು ಹೇಳಿದ್ದರು. ಆಮೇಲೆ, ಇನ್ನೊಂದು ಕೆಲಸದಲ್ಲಿ ನಮಗೆ ನೆರವಾಗುತ್ತೀರಾ ಎಂದು ಕೇಳಿದಾಗ, ಆಗಲ್ಲ ಎಂದವರು ಅನ್ಯಾಯ ನೆನಪಿಸಿಕೊಂಡವರಲ್ಲೇ ಹೆಚ್ಚು. ನೆರವು ಕೇಳಿದವರು ಅವರಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ! ನಾನು ಸಾಕಷ್ಟು ಪಟ್ಟಿದ್ದೇನೆ, ಇನ್ನು ನನ್ನನ್ನು ಯಾರೂ ಏನೂ ಕೇಳುವ ಹಾಗಿಲ್ಲ ಎಂಬ ಭಾವ ಅಷ್ಟು ಸಲೀಸಾಗಿ ಬಂದುಬಿಡುತ್ತದೆ.

ಲೆಕ್ಕಾಚಾರದಿಂದಲೇ ಮಾಡುವವರೂ ಇದ್ದಾರೆ, ಅವರ ವರಸೆ ಬೇರೆ. ಮೊದಲು "ಹಾಗೇನೂ ಆಗೇ ಇಲ್ಲ", ಆಮೇಲೆ "ನಿನ್ನ ತಲೆ ಸರಿ ಇಲ್ಲ", ಕೊನೆಗೆ "ನಿಜವಾಗಿ ನೊಂದವನು ನಾನು". ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೇಡ್ 1997ರಲ್ಲಿ ಇದಕ್ಕೆ ಡಾರ್ವೋ (DARVO) ಎಂದು ಹೆಸರಿಟ್ಟರು: ಅಲ್ಲಗಳೆಯುವುದು, ತಿರುಗಿ ಬೀಳುವುದು, ನೊಂದವರನ್ನೇ ತಪ್ಪಿತಸ್ಥರನ್ನಾಗಿಸುವುದು ಎಂಬುದರ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು. ಅವರು ಸಂಶೋಧಕಿ ಸಾರಾ ಹಾರ್ಸಿ ಜೊತೆ 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆರೋಪಿ ಆಡಿದ ಈ ವರಸೆಯ ಮಾತು ಓದಿದವರಿಗೆ ನಿಜವಾದ ಸಂತ್ರಸ್ತೆಯ ಮೇಲಿನ ನಂಬಿಕೆಯೇ ಕಡಿಮೆಯಾಯಿತು. ಇಂಥದ್ದೊಂದು ವರಸೆ ಇದೆ ಎಂದು ಮೊದಲೇ ತಿಳಿದಿದ್ದವರು ಆರೋಪಿಯ ಮಾತನ್ನು ಅಷ್ಟಾಗಿ ನಂಬಲಿಲ್ಲ.

ನೊಂದವರ ವೇಷ ಹಾಕಿ ಲಾಭ ಪಡೆಯುತ್ತಾರೆ ಎಂದು ಹಂಗಿಸುವ "ವಿಕ್ಟಿಮ್ ಕಾರ್ಡ್" ಎಂಬ ಬೈಗುಳ ನನಗೆ ಹಿಡಿಸದಿರುವುದೂ ಇದಕ್ಕೇ. ಹೆಂಡತಿಗೆ ಹೊಡೆದವನು ಮೊದಲು ಆಡುವ ಮಾತೇ "ಅವಳದ್ದು ಬರೀ ನಾಟಕ" ಎಂದು. ಆ ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ, ದುಡ್ಡು ಯಾರ ಕೈಯಲ್ಲಿದೆ ಎಂದು ವಿಚಾರಿಸದೆ ಈ ಪದ ಬಳಸಬೇಡಿ.

ಇನ್ನು ತಮ್ಮ ಏನು ಮಾಡಬೇಕು? "ನಾಟಕ ಆಡ್ಬೇಡ" ಅಂದರೆ ಕೆಟ್ಟ: ಜಗಳಕ್ಕೆ ಹೊಸ ವಿಷಯ ಸಿಗುತ್ತದೆ. "ನೀನು ನನಗೆ ಮಾಡಿದ್ದನ್ನ ಮರೆತಿಲ್ಲ ಅಣ್ಣ. ಭಾನುವಾರ ಪಾಸ್‌ಬುಕ್ ಇಟ್ಕೊಂಡು ಕೂರೋಣ." ಎರಡೂ ವಾಕ್ಯ ಬೇಕು, ಇದೇ ಕ್ರಮದಲ್ಲಿ. ಅಣ್ಣ ಇನ್ನಷ್ಟು ಸಿಡುಕಬಹುದು, ಅಮ್ಮ ಮಾತು ಬಿಡಬಹುದು. ಆಗ ಹೊಸ ವಾದ ಹುಡುಕಬೇಡಿ, ಅದೇ ಎರಡು ವಾಕ್ಯ ಮತ್ತೆ ಹೇಳಿ.

"ಸತ್ತುಹೋಗ್ತೀನಿ" ಎಂಬ ಮಾತು ಬಂದರೆ ಮಾತ್ರ ಈ ಲೆಕ್ಕಾಚಾರವೆಲ್ಲ ಪಕ್ಕಕ್ಕಿಡಿ. ಅದು ಬೆದರಿಕೆಯೋ ನಿಜವೋ ಎಂದು ಅಳೆಯುವ ಕೆಲಸ ನಿಮ್ಮದಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.