ಹೊಲವಿಲ್ಲದ ಊರಲ್ಲಿ ಸುಗ್ಗಿ ಹಬ್ಬ

ಬೆಂಗಳೂರಲ್ಲಿ ಯಾರಿಗೆ ಹೊಲ ಇದೆ ಅಂತ ನೀವು ಸುಗ್ಗಿ ಹಬ್ಬ ಮಾಡ್ತೀರಿ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೂ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಹಾರ್ವೆಸ್ಟ್ ಫೆಸ್ಟಿವಲ್ ಎಂದರೆ ಕ್ರಿಸ್‌ಮಸ್‌ಗೆ ಒಂದು ಕೈ ಕಮ್ಮಿ, ಅಷ್ಟೆ. ಬೆಳೆದವರು ಬೆಳೆದದ್ದನ್ನು ತರುತ್ತಾರೆ, ದುಡಿಯುವವರು ದುಡಿಮೆಯಲ್ಲಿ ಒಂದು ಪಾಲು ತರುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವೂ ಹರಾಜಾಗಿ ಆ ಹಣ ಸಭೆಗೆ ಸೇರುತ್ತದೆ. ಬೆಳೆಯೂ ಇಲ್ಲ, ದುಡಿಮೆಯೂ ನಿಂತಿದೆ ಅನ್ನುವವರು ಏನು ತರಬೇಕು?

ಈ ಸಲ ನಮ್ಮ ಮನೆಯಲ್ಲಿ ಅದೇ ಆಗಿತ್ತು. ಪೀಣ್ಯದಲ್ಲಿ ನಮ್ಮವರು ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಬಾಗಿಲು ಹಾಕಿತು. ಬಾಡಿಗೆ, ಮಗಳ ಫೀಸು, ಅತ್ತೆಯ ಮಾತ್ರೆ... ಬಿಡಿ, ಹತ್ತು ಮನೆಯಲ್ಲಿ ಇರುವ ಕಥೆಯೇ.

ಹಬ್ಬದ ಭಾನುವಾರ ನನಗೆ ಮೊದಲು ತಾಕುವುದು ವಾಸನೆ. ಬೇರೆ ದಿನ ದೇವಾಲಯದಲ್ಲಿ ಫಿನಾಯಿಲು, ಬೆಂಚಿನ ಪಾಲಿಶು, ಹಳೇ ಸಂಗೀತ ಪುಸ್ತಕದ ವಾಸನೆ. ಅವತ್ತು ಬಾಗಿಲು ದಾಟಿದ ಕೂಡಲೇ ಕೊತ್ತಂಬರಿ, ಕರಿಬೇವು, ಹಣ್ಣಾದ ಸೀಬೆ, ಹೊಸ ಅಕ್ಕಿ ಮೂಟೆಯ ಧೂಳು. ಕಂಬಕ್ಕೆ ಕಬ್ಬು, ಬಾಳೆಗೊನೆ ಕಟ್ಟಿರುತ್ತಾರೆ. ಯಾರೋ ಕಾಲು ಕಟ್ಟಿ ತಂದ ಹುಂಜ ಮೂಲೆಯಲ್ಲಿ ಕೂತು ಸರಿಯಾಗಿ ಪ್ರಸಂಗದ ಹೊತ್ತಿಗೇ ಕೂಗುತ್ತದೆ. ಪಾದ್ರಿ ಅಯ್ಯನವರು, ಹುಂಜ ಕೂಗುವ ಮೊದಲು ಯೇಸುವನ್ನು ಗೊತ್ತಿಲ್ಲ ಎಂದ ಶಿಷ್ಯ ಪೇತ್ರನ ಹೆಸರು ಎತ್ತಿದರೆ ಮಕ್ಕಳೆಲ್ಲ ಕಿಸಕ್ಕನೆ ನಗುತ್ತಾರೆ. ಮೂಗಿನಲ್ಲಿ ಆ ಸೀಬೆ ವಾಸನೆ ತುಂಬಿಕೊಂಡಾಗ ನನಗೆ ಅಜ್ಜಿ ನೆನಪಾಗದೆ ಇರುವುದಿಲ್ಲ.

ಅಜ್ಜಿ ತುಮಕೂರು ಕಡೆಯವಳು. ಪ್ರತಿ ಹಬ್ಬಕ್ಕೂ ಸಿಹಿಗುಂಬಳಕಾಯಿಯನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಅವಳ ಸಂಜೆ ಪ್ರಾರ್ಥನೆ ಕೇಳಬೇಕಿತ್ತು. ಮೊದಲು ಇಲ್ಲದ್ದನ್ನೆಲ್ಲ ಒಪ್ಪಿಸುತ್ತಿದ್ದಳು. "ಸ್ವಾಮೀ, ಮಳೆ ಇಲ್ಲ. ಹಸು ಹಾಲು ಬತ್ತಿಸಿದೆ. ದೊಡ್ಡ ಮಗ ಕಾಗದ ಬರೆದಿಲ್ಲ." ಆಮೇಲೆ ಅದೇ ಉಸಿರಿನಲ್ಲಿ, "ಬಾವಿಯಲ್ಲಿ ಇನ್ನೂ ನೀರಿದೆ, ಸ್ತೋತ್ರ. ಮೊಮ್ಮಗಳ ಜ್ವರ ಬಿಟ್ಟಿತು, ಸ್ತೋತ್ರ." ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ಹೇಳುವ ಕೃತಜ್ಞತೆ. ಇಲ್ಲದ್ದನ್ನು ಮುಚ್ಚಿಡುತ್ತಿರಲಿಲ್ಲ. ಅದಕ್ಕೆ ಅವಳ ಸ್ತೋತ್ರ ಬಾಯುಪಚಾರದ ಹಾಗೆ ಕೇಳುತ್ತಿರಲಿಲ್ಲ.

ಬೈಬಲಿನ ಪ್ರವಾದಿ ಹಬಕ್ಕೂಕನೂ ಹಾಗೇ ಅಲ್ವಾ? ಅವನ ಪುಸ್ತಕ ಮೂರೇ ಅಧ್ಯಾಯ. ಕೊನೆಯಲ್ಲಿ ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತಾನೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಎಣ್ಣೆಮರ (ಆಲಿವ್) ಕೈಕೊಟ್ಟರೂ, ಹೊಲದಲ್ಲಿ ಏನೂ ಸಿಗದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಅಷ್ಟೂ ನಷ್ಟದ ಪಟ್ಟಿ ಕೊಟ್ಟ ಮೇಲೆ ಆ ಮಾತು. ಸುಗ್ಗಿ ಹಬ್ಬಕ್ಕೆ ಇದನ್ನು ಓದಿಸಬೇಕು ಎಂದು ನನ್ನ ಆಸೆ. ಓದಿಸುವುದೇ ಕಮ್ಮಿ.

ಈಗ ಆರಾಧನೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವ ಹೊತ್ತಿನಲ್ಲಿ ಎದ್ದು ನಿಲ್ಲುವವರು ಯಾರು ನೋಡಿ. ವೀಸಾ ಬಂದವರು, ಸೈಟು ಕೊಂಡವರು, ಆಪರೇಷನ್ ಚೆನ್ನಾಗಿ ಆದವರು. ಅವರ ಸ್ತೋತ್ರವೂ ನಿಜವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಇನ್ನೂ ನಡುನೀರಿನಲ್ಲಿ ಇರುವವರು ಬಾಯಿ ಬಿಡುವುದಿಲ್ಲ. ಎಲ್ಲ ಸರಿಹೋದ ಮೇಲೆ ಹೇಳೋಣ ಅಂತ ಕೂತಿರುತ್ತಾರೆ. ಬೈಬಲಿನಲ್ಲಿ ಸುವಾರ್ತೆ ಸಾರಲು ಹೋದ ಪೌಲನೂ ಸೀಲನೂ ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಹಾಡಿದ್ದು ಭೂಕಂಪ ಆಗುವ ಮೊದಲು. ಬೆನ್ನಿನ ಗಾಯ ಹಸಿಯಾಗಿತ್ತು, ಕಾಲು ಕೋಳದಲ್ಲಿತ್ತು. ಯೇಸುಸ್ವಾಮಿ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ್ದು ಹಿಡಿದುಕೊಟ್ಟ ರಾತ್ರಿಯೇ. ಪ್ರತಿ ಸಲ ಸಂಸ್ಕಾರ ಭೋಜನದಲ್ಲಿ ಆ ಮಾತು ಕೇಳುತ್ತೇವೆ, ಕೇಳಿ ಮನೆಗೆ ಹೋಗುತ್ತೇವೆ.

ಅಜ್ಜಿ ಊರಿಂದ ಬಂದಾಗ ನನ್ನನ್ನು ಅವೆನ್ಯೂ ರೋಡಿನ ರೈಸ್ ಮೆಮೋರಿಯಲ್ ದೇವಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಐವತ್ತು ವರ್ಷ ಇಲ್ಲೇ ಇದ್ದು, ಇಲ್ಲೇ 1887ರಲ್ಲಿ ತೀರಿಕೊಂಡ ಮಿಷನರಿ ಬೆಂಜಮಿನ್ ರೈಸ್ ಅವರ ನೆನಪಿನ ದೇವಾಲಯ ಅದು. ಆ ರಸ್ತೆಗೆ ಹಿಂದೆ ದೊಡ್ಡಪೇಟೆ ಅಂತ ಹೆಸರು. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಪೇಟೆಯ ಜನ ಮನೆಮಠ ಬಿಟ್ಟು ಓಡಿದ್ದರು. ದೇವಾಲಯದ ಈಗಿನ ಕಟ್ಟಡ 1917ರದ್ದು. ಮರುವರ್ಷವೇ ಇನ್‌ಫ್ಲುಯೆಂಜಾ ಬಂತು. ಹೊಸ ದೇವಾಲಯದಲ್ಲಿ ಆ ವರ್ಷ ಎಷ್ಟು ಬೆಂಚು ಖಾಲಿ ಇದ್ದವೋ, ಯಾರು ಏನೆಂದು ಸ್ತೋತ್ರ ಮಾಡಿದರೋ. ನನಗೆ ಪುಸ್ತಕದ ಪಾಠಕ್ಕಿಂತ ಇಂಥದ್ದೇ ಜಾಸ್ತಿ ಕಾಡುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗೀಗ ಹಬ್ಬಕ್ಕೆ ದುಡ್ಡಿನ ಕವರು ಜಾಸ್ತಿ, ಕಾಯಿ ಕಮ್ಮಿ. ಗೇಟಿನಲ್ಲೇ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಲೆಕ್ಕಕ್ಕೆ ಸುಲಭ, ಒಪ್ಪಿದೆ. ಆದರೆ ಫೋನ್ ಟುಣ್ ಅಂದರೆ ಯಾವ ಮಗುವಿನ ಮೂಗಿಗೆ ಏನು ತಾಕುತ್ತದೆ? ಕೈಯಲ್ಲಿ ಭಾರ ಹೊತ್ತು ಬಂದು ಇಡುವಾಗ, ಇದು ನನಗೆ ಸಿಕ್ಕಿದ್ದು ಎಂದು ಮೈಗೇ ಗೊತ್ತಾಗುತ್ತದೆ.

ನಾವು ಈ ಸಲ ಬಾಡಿಗೆ ಮನೆಯ ಹಿತ್ತಲಿನ ನುಗ್ಗೇಕಾಯಿ ಒಂದು ಕಟ್ಟು ತಂದೆವು. ಸಾಕ್ಷಿಗೆ ನಾನು ಎದ್ದು ನಿಂತೆ. ಕೆಲಸ ಇನ್ನೂ ಸಿಕ್ಕಿಲ್ಲ, ಬಾಡಿಗೆ ಬಾಕಿ ಇದೆ, ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ ಎಂದೆ. ಓನರ್ ಆಂಟಿ ನುಗ್ಗೇಕಾಯಿ ಕೀಳಲು ಬಿಟ್ಟರು, ಮಗಳು ಶಕ್ತಿ ಯೋಜನೆ ಬಸ್ಸಲ್ಲಿ ದುಡ್ಡಿಲ್ಲದೆ ಕಾಲೇಜಿಗೆ ಹೋಗುತ್ತಾಳೆ, ಅತ್ತೆಯ ಬಿಪಿ ಇಳಿದಿದೆ, ಸ್ತೋತ್ರ ಎಂದೂ ಹೇಳಿದೆ. ಕೂತ ಮೇಲೆ ಹಿಂದಿನ ಬೆಂಚಿಂದ ಇನ್ನೊಬ್ಬರು ಎದ್ದರು. ಅವರ ಡಯಾಲಿಸಿಸ್ ನಡೀತಾ ಇದೆ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಹರಾಜಿನಲ್ಲಿ ನುಗ್ಗೇಕಾಯಿ ಯಾರ ಪಾಲಾಯಿತೋ ನೋಡಲಾಗಲಿಲ್ಲ. ಒಂದನೇ ಸಾರಿ, ಎರಡನೇ ಸಾರಿ ಅನ್ನುವಷ್ಟರಲ್ಲಿ ಅತ್ತೆ ಒಂದು ತೆಂಗಿನಕಾಯಿಗೆ ಇನ್ನೂರು ರೂಪಾಯಿ ಕೂಗಿಬಿಟ್ಟಿದ್ದರು. ಇದ್ದ ಸಾಲ ಸಾಲದಾ ಅಮ್ಮಾ ಎಂದು ನಮ್ಮವರು ತಲೆ ಚಚ್ಚಿಕೊಂಡರು. "ಸುಮ್ನಿರೋ, ನಂಗೆ ಬರೋ ಪಿಂಚಣಿ ದುಡ್ಡು, ನನ್ನ ಸ್ತೋತ್ರ" ಎಂದು ಅತ್ತೆ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೀರಿದೆಯಾ ನೋಡಿದರು. ಇತ್ತು.