ತಂತಿ ಮೊದಲು, ಗಾಡಿ ಆಮೇಲೆ

ಕೊಡಗಿನಲ್ಲಿ ಇವತ್ತಿಗೂ ರೈಲು ಹಳಿ ಇಲ್ಲ. ನಾನು ಶನಿವಾರಸಂತೆ ಕಡೆಯವನು. ಹಾಸನ ಕಡೆಯ ಸಣ್ಣ ಸ್ಟೇಷನ್‌ಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು, ರಿಟೈರಾಗಿ ಈಗ ತೋಟ ನೋಡ್ಕೊಂಡಿದ್ದೇನೆ. ಊರಿನ ಮಕ್ಕಳು ರೈಲಿನ ಬಗ್ಗೆ ಕೇಳಿದರೆ ನಾನು ಇಂಜಿನ್‌ಗಿಂತ ಮುಂಚೆ ಹಳಿ ಪಕ್ಕದ ಟೆಲಿಗ್ರಾಫ್ ತಂತಿಯ ಕಥೆ ಹೇಳ್ತೇನೆ.

ಮಳೆಗಾಲದಲ್ಲಿ ಕರೆಂಟ್ ಲೈನ್ ಮೇಲೆ ಸಿಲ್ವರ್ ಮರ ಬಿದ್ದರೆ ನಮ್ಮ ಕಡೆ ಏನು ಗತಿ ಅಂತ ಎಲ್ಲರಿಗೂ ಗೊತ್ತು. ಎಲ್ಲಿ ತುಂಡಾಗಿದೆ ಅಂತ ಹುಡುಕೋದೇ ಲೈನ್‌ಮನ್‌ಗೆ ದೊಡ್ಡ ಕೆಲಸ. ರೈಲು ದಾರಿಯಲ್ಲಿ ಆ ತಾಪತ್ರಯ ಕಡಿಮೆ. ಮರ ಕಡಿದು ತೆರವು ಮಾಡಿದ ಜಾಗ, ದಿನಾ ಹಳಿ ನೋಡ್ತಾ ನಡೆಯುವ ಗ್ಯಾಂಗ್‌ಮನ್. ತಂತಿ ಎಳೆಯೋಕೆ ಇದಕ್ಕಿಂತ ಒಳ್ಳೆ ದಾರಿ ಎಲ್ಲಿದೆ? 1844ರಲ್ಲಿ ಅಮೆರಿಕದಲ್ಲಿ ಟೆಲಿಗ್ರಾಫ್ ರೂಪಿಸಿದ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಸುದ್ದಿ ಕಳಿಸಿದ್ದು ರೈಲು ದಾರಿ ಪಕ್ಕದ ತಂತಿಯಲ್ಲೇ. ನಮ್ಮ ದೇಶದಲ್ಲಂತೂ ಪ್ಯಾಸೆಂಜರ್ ರೈಲಿಗಿಂತ ತಂತಿಯೇ ಮೊದಲು ಬಂತು. ಕಲ್ಕತ್ತಾ–ಡೈಮಂಡ್ ಹಾರ್ಬರ್ ತಂತಿ 1851ರದ್ದು, ಬೊಂಬಾಯಿ–ಠಾಣೆ ರೈಲು 1853ರದ್ದು.

ರೈಲಿಗೂ ತಂತಿ ಬೇಕೇ ಬೇಕಿತ್ತು. ಒಂಟಿ ಹಳಿ. ಎರಡೂ ಕಡೆಯಿಂದ ಗಾಡಿ ಬರಬೇಕು. ಎದುರು ಗಾಡಿ ಲೇಟಾದರೆ ಇಲ್ಲಿನವರಿಗೆ ತಿಳಿಯೋದು ಹೇಗೆ? ಕಾಯಬೇಕು, ಅಷ್ಟೇ. 1851ರಲ್ಲಿ ಅಮೆರಿಕದ ಈರಿ ರೈಲ್ವೆಯ ಅಧಿಕಾರಿ ಚಾರ್ಲ್ಸ್ ಮೈನಾಟ್ ಹೀಗೇ ಕಾಯುತ್ತಾ ಕೂತಿದ್ದರು. ಮುಂದಿನ ಸ್ಟೇಷನ್‌ಗೆ ತಂತಿ ಹೊಡೆಸಿ, ಎದುರು ಗಾಡಿ ಬಂದರೆ ಅಲ್ಲೇ ತಡೆಯಿರಿ ಅಂದರು. ಡ್ರೈವರ್ ಒಪ್ಪಲಿಲ್ಲ. ಕೊನೆಗೆ ಮೈನಾಟ್ ತಾವೇ ಇಂಜಿನ್ ಹತ್ತಿ ಗಾಡಿ ಓಡಿಸಿಕೊಂಡು ಹೋದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ. ನನಗೆ ಆ ಡ್ರೈವರ್ ಮೇಲೆ ತುಂಬಾ ಗೌರವ. ಕಣ್ಣಿಗೆ ಕಾಣದ ಸುದ್ದಿ ನಂಬಿ ಅಷ್ಟು ಜನರನ್ನು ಕರ್ಕೊಂಡು ಹೋಗೋದು ಸುಮ್ನೆ ಮಾತಲ್ಲ.

ಬರೀ ಮಾತು ಎಡವಟ್ಟಾಗಬಹುದು ಅನ್ನೋದು 1861ರಲ್ಲಿ ಇಂಗ್ಲೆಂಡಿನ ಕ್ಲೇಟನ್ ಸುರಂಗದಲ್ಲಿ ಗೊತ್ತಾಯ್ತು. ಒಂದರ ಹಿಂದೆ ಒಂದು ಮೂರು ಗಾಡಿ. ಸುರಂಗದೊಳಗೆ ಎರಡನೇ ಗಾಡಿ ಇದೆ. ಈಚೆ ತುದಿಯ ಸಿಗ್ನಲ್‌ಮನ್ "ಸುರಂಗ ಖಾಲಿಯಾ?" ಅಂತ ತಂತಿಯಲ್ಲಿ ಕೇಳಿದ. ಮೊದಲ ಗಾಡಿ ಹೊರಬಂದದ್ದನ್ನು ನೋಡಿದ್ದ ಆಚೆ ತುದಿಯವನು, ಅದರ ಬಗ್ಗೆಯೇ ಕೇಳ್ತಿದ್ದಾನೆ ಅಂದ್ಕೊಂಡು "ಖಾಲಿ" ಅಂದ. ಮೂರನೇ ಗಾಡಿ ಒಳಗೆ ಹೋಯ್ತು. 23 ಜನ ಸತ್ತರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನಾನು ಕೆಲಸ ಮಾಡಿದ ನೀಲ್ಸ್ ಬಾಲ್ ಟೋಕನ್ ಮಿಷನ್ ಇಂಥ ಗೊಂದಲಕ್ಕೆ ಆಸ್ಪದವನ್ನೇ ಕೊಡ್ತಿರಲಿಲ್ಲ. ಎರಡು ಸ್ಟೇಷನ್‌ನಲ್ಲಿ ಎರಡು ಮಿಷನ್, ನಡುವೆ ತಂತಿ. ಗಂಟೆ ಹೊಡೆದು ಕೇಳಬೇಕು. ಆ ಕಡೆಯವರು ಗಂಟೆಯಲ್ಲೇ ಉತ್ತರ ಕೊಟ್ಟು ತಮ್ಮ ಹಿಡಿ ತಿರುಗಿಸಬೇಕು. ಆಮೇಲೆ ನಾನು ತಿರುಗಿಸಿದರೆ ಠಣ್ ಅಂತ ಲೋಹದ ಚೆಂಡು ಕೆಳಗೆ ಉರುಳುತ್ತೆ. ಆ ಚೆಂಡು ಕೈಗೆ ಸಿಕ್ಕರೇನೇ ಡ್ರೈವರ್‌ಗೆ ಮುಂದಿನ ಸ್ಟೇಷನ್‌ವರೆಗೆ ಹೋಗೋಕೆ ಅನುಮತಿ. ಒಂದು ಚೆಂಡು ಹೊರಗಿದ್ದರೆ ಎರಡೂ ಕಡೆ ಇನ್ನೊಂದು ಬರೋದೇ ಇಲ್ಲ. ಅದರ ಮೇಲೆ ಕೆತ್ತಿದ ಸ್ಟೇಷನ್ ಹೆಸರು ಸರಿಯಿದೆಯಾ ಅಂತ ನೋಡಿ, ಬೆತ್ತದ ಬಳೆಗೆ ಕಟ್ಟಿದ ಚೀಲದೊಳಗೆ ಹಾಕಿ, ಪ್ಲಾಟ್‌ಫಾರಂ ಅಂಚಿನಲ್ಲಿ ಎತ್ತಿ ಹಿಡಿದರೆ ಇಂಜಿನ್‌ನವರು ತೋಳು ಚಾಚಿ ಕಿತ್ಕೊಂಡು ಹೋಗ್ತಿದ್ದರು.

ಒಂದು ರಾತ್ರಿ ನಾನು ಹೊಡೆದ ಗಂಟೆಗೆ ಪಕ್ಕದ ಸ್ಟೇಷನ್‌ನಿಂದ ಉತ್ತರವೇ ಇಲ್ಲ. ಪ್ಯಾಸೆಂಜರ್ ಗಾಡಿ ನಿಂತಿದೆ, ಜನ ಇಳಿದು ಬಂದು ನನ್ನ ಮೇಲೆ ರೇಗ್ತಿದ್ದಾರೆ. ಒಬ್ಬರು ಡ್ರೈವರ್ ಹತ್ತಿರ ಹೋಗಿ, "ಸಿಗ್ನಲ್ ವಿಷಯ ಬಿಟ್ಹಾಕಿ, ನೀವಾದ್ರೂ ಹೊರಡಿ" ಅಂದರು. ಆತ ಬ್ರೇಕ್ ಮೇಲಿನ ಕೈ ತೆಗೆಯದೇ, "ಚೆಂಡು ಕೊಡ್ಸಿ ಸ್ವಾಮಿ, ಈಗಲೇ ಹೊರಡ್ತೀನಿ" ಅಂದ.